ನ್ಯೂಟನ್ನನ ಸೀಮೆ

೧೯೮೦ನೆಯ ಇಸವಿ ಫೆಬ್ರವರಿ ೧೬ರ ಅಪರಾಹ್ನ ಹುಬ್ಬಳ್ಳಿಯ ಮೇಲೆ ಚಂದ್ರನ ನೆರಳು ಹಾದುಹೋಯಿತು. ಅಂಕೋಲೆಯ ಕಡಲತಡಿಯಿಂದ ನಾಡನ್ನು ಹೊಕ್ಕ ಆ ಖಗ್ರಾಸ ಗ್ರಹಣದ ಪಟ್ಟೆಯು ಹುಬ್ಬಳ್ಳಿ, ರಾಯಚೂರುಗಳ ಮೇಲಿಂದ ಒರಿಸ್ಸದ ಕರಾವಳಿಯತ್ತ ಸಾಗಿತು. ಅನೇಕರು ಬಾಗಿಲು ಹಾಕಿಕೊಂಡು ಮನೆಯೊಳಗೆ ಕುಳಿತಿದ್ದಾಗ, ಖಗೋಳವಿಜ್ಞಾನಿಗಳು ಹುಬ್ಬಳ್ಳಿಯ ಬಳಿಯಲ್ಲಿಯೂ ರಾಯಚೂರು ಸೀಮೆಯ ಜವಳಗೇರಾದಲ್ಲಿಯೂ ದೂರದರ್ಶಕಗಳನ್ನು ಹೂಡಿ ಕಾದಿದ್ದರು. ನೆರಳು ಗೊತ್ತಾದ ಗಳಿಗೆಗೆ ಬಂದಿತು. ಗೊತ್ತಾದ ಗಳಿಗೆಗೆ ಹೋಯಿತು.

ಈ ಗಳಿಗೆಯನ್ನು ಬಹುಮಟ್ಟಿಗೆ ಗೊತ್ತುಮಾಡಿಕೊಟ್ಟದ್ದು ೧೬೮೭ರಲ್ಲಿ ಪ್ರಕಟವಾದ ನ್ಯೂಟನ್ನನ ಗುರುತ್ವಾಕರ್ಷಣ ನಿಯಮ. ಆದರೆ ೧೯೧೫ರ ನವೆಂಬರಿನಲ್ಲಿಯೇ ಐನ್‌ಸ್ಟೈನನು ಆ ನಿಯಮವು ಪೂರ್ಣಸತ್ಯವಲ್ಲವೆಂದು ತೋರಿಸಿರಲಿಲ್ಲವೇ? ಸುಳ್ಳಾದ ನಿಯಮವನ್ನು ನಂಬಿ ನೆರಳು ಹೇಗೆ ಹೊತ್ತಿಗೆ ಸರಿಯಾಗಿ ಬಂದೀತು? ಈ ಶಂಕೆ ನ್ಯಾಯವಾದುದೇ.

ನಿಜಸ್ಥಿತಿಯೇನೆಂದರೆ, ಹೊಸ ಸಿದ್ಧಾಂತವು ಹಳೆಯದನ್ನು ಒಡಲಲ್ಲಿ ಇಟ್ಟುಕೊಂಡೇ ಹುಟ್ಟಿತು. ಆಕರ್ಷಣೆ ದುರ್ಬಲವಾಗಿದ್ದು, ಚಲಿಸುವ ವಸ್ತುವಿನ ವೇಗವು ಬೆಳಕಿನ ವೇಗಕ್ಕಿಂತ ಅತ್ಯಲ್ಪವಾಗಿದ್ದರೆ, ಐನ್‌ಸ್ಟೈನನ ಸಮೀಕರಣಗಳು ನ್ಯೂಟನ್ನನ ನಿಯಮವಾಗಿಯೇ ಇಳಿದುಬಿಡುತ್ತವೆ. ಬೆಳಕಿನ ವೇಗ ಸೆಕೆಂಡಿಗೆ ೩ ಲಕ್ಷ ಕಿಲೋಮೀಟರು. ಭೂಮಿಯದು ಸುಮಾರು ೩೦. ಅಂದರೆ ೧೦,೦೦೦ದಲ್ಲಿ ಒಂದು ಪಾಲು. ಲೆಕ್ಕಕ್ಕೆ ಬರುವುದು ಇದರ ವರ್ಗವಾದುದರಿಂದ, ತಿದ್ದುಪಡಿಯು ೧೦ ಕೋಟಿಯಲ್ಲಿ ಒಂದರಷ್ಟು ಮಾತ್ರ. ಸೂರ್ಯನಿಗೆ ಹತ್ತಿರವಾಗಿ ವೇಗದಿಂದ ಸುತ್ತುವ ಬುಧನಲ್ಲಿ ಇದು ಶತಮಾನಕ್ಕೆ ೪೩ ವಿಕಲೆಗಳಾಗಿ ಕೂಡಿಬರುತ್ತದೆ. ಲವೆರಿಯೆ ಎಂಬ ಫ್ರೆಂಚ್ ಪಂಡಿತನು ೧೮೫೯ರಲ್ಲಿಯೇ ಬುಧನ ಲೆಕ್ಕದಲ್ಲಿ ಇಂಥದೊಂದು ಶೇಷವನ್ನು ಕಂಡು, ಕಾರಣ ತಿಳಿಯದೆ, ಕಾಣದ ಗ್ರಹವೊಂದನ್ನು ಕಲ್ಪಿಸಿದ್ದನು!

ಆದರೆ ಬೆಳಕೇ ಚಲಿಸುವ ವಸ್ತುವಾದರೆ ವೇಗವು ಅಲ್ಪವೆಂಬ ಮಾತಿಗೆ ಎಡೆಯೆಲ್ಲಿ? ಸೀಮೆ ಮುರಿಯುವುದು ಇಲ್ಲಿಯೇ. ಬೆಳಕನ್ನು ಕಣವೆಂದೆಣಿಸಿ ನ್ಯೂಟನ್ನನ ಮಾರ್ಗದಲ್ಲಿ ಸೋಲ್ಡ್‌ನರನು ೧೮೦೧ರಲ್ಲಿ ಲೆಕ್ಕ ಹಾಕಿದಾಗ, ಸೂರ್ಯನ ಅಂಚಿನಲ್ಲಿ ಅದು ಬಾಗುವುದು ಸುಮಾರು ೦.೮೪ ವಿಕಲೆಯೆಂದು ಬಂದಿತು. ೧೯೧೧ರಲ್ಲಿ ಐನ್‌ಸ್ಟೈನನಿಗೂ ಹೆಚ್ಚುಕಡಮೆ ಅಷ್ಟೇ ಬಂದಿತು. ಪೂರ್ಣಸಿದ್ಧಾಂತವು ಕೈಗೂಡಿದ ಮೇಲೆ ಅದು ಎರಡರಷ್ಟಾಗಿ, ಸುಮಾರು ೧.೭೫ ಆಯಿತು. ಕಾಲದ ಬಾಗು ಅರ್ಧವನ್ನು ಕೊಡುತ್ತದೆ; ನ್ಯೂಟನ್ನನ ಸೀಮೆಯಲ್ಲಿ ಉಳಿಯುವುದು ಅದೊಂದೇ. ಉಳಿದರ್ಧವು ದೇಶದ ಬಾಗಿನದು. ಮಂದಗತಿಯ ಗ್ರಹಗಳಿಗೆ ಅದು ತಾಗಿಯೂ ತಾಗದಂತಿದ್ದು, ಬೆಳಕಿಗೆ ಮಾತ್ರ ಪೂರ್ಣವಾಗಿ ತಾಗುತ್ತದೆ. ನ್ಯೂಟನ್ನನ ಆಕರ್ಷಣೆಯನ್ನೂ ಬಾಗಿನ ಭಾಷೆಯಲ್ಲಿ ಬರೆಯಬಹುದೆಂದು ಕಾರ್ತಾನನು ೧೯೨೩ರಲ್ಲಿ ತೋರಿಸಿದನು. ಆದುದರಿಂದ ಭೇದವಿರುವುದು ಬಾಗಿನಲ್ಲಲ್ಲ, ಬಾಗುವುದು ಯಾವುದೆಂಬುದರಲ್ಲಿ.

೧೯೧೪ರ ಗ್ರಹಣದಲ್ಲಿ ಇದನ್ನು ಅಳೆಯಲು ಜರ್ಮನ್ ತಂಡವೊಂದು ಕ್ರಿಮಿಯಕ್ಕೆ ಹೋಗಿತ್ತು; ಮಹಾಯುದ್ಧವು ತೊಡಗಿ ಕೆಲಸ ಕೆಟ್ಟಿತು. ಕೆಡದಿದ್ದರೆ ಐನ್‌ಸ್ಟೈನನ ಅರ್ಧಲೆಕ್ಕವೇ ಪರೀಕ್ಷೆಗೆ ನಿಂತು, ಅವನು ಸೋಲುತ್ತಿದ್ದನು. ಯುದ್ಧದಿಂದ ಉಪಕಾರವಾದ ವಿಚಿತ್ರ ಪ್ರಸಂಗಗಳಲ್ಲಿ ಇದೊಂದು! ೧೯೧೯ರ ಮೇ ೨೯ರಂದು ಎಡಿಂಗ್ಟನ್ನನು ಪ್ರಿನ್ಸಿಪೆ ದ್ವೀಪದಲ್ಲಿಯೂ, ಇನ್ನೊಂದು ತಂಡವು ಬ್ರೆಜಿಲಿನ ಸೊಬ್ರಾಲಿನಲ್ಲಿಯೂ ತೆಗೆದ ಚಿತ್ರಗಳು ಪೂರ್ಣಲೆಕ್ಕವನ್ನು ಎತ್ತಿಹಿಡಿದುವು. ನ್ಯೂಟನ್ನನು ಪದಚ್ಯುತನಾದನೆಂದು ಲಂಡನ್ನಿನ ಪತ್ರಿಕೆ ಸಾರಿತು. ನಮಗೆ ಅದು ಅವಸರದ ತೀರ್ಪೆಂದು ತೋರುತ್ತದೆ. ಅವನ ರಾಜ್ಯಕ್ಕೆ ಗಡಿಕಲ್ಲು ನೆಟ್ಟಂತಾಯಿತು, ಅಷ್ಟೆ.

ಆ ಗಡಿಯ ಎರಡು ಕಡೆಗಳೂ ಹುಬ್ಬಳ್ಳಿಯ ಆಕಾಶದಲ್ಲಿ ಆ ಅಪರಾಹ್ನ ಒಟ್ಟಿಗೆ ಇದ್ದುವು. ನೆರಳು ನ್ಯೂಟನ್ನನ ಲೆಕ್ಕದಂತೆ ನೆಲದ ಮೇಲೆ ಓಡಿತು. ಕಪ್ಪಾದ ಸೂರ್ಯನ ಅಂಚನ್ನು ಸವರಿ ಬರುವ ನಕ್ಷತ್ರದ ಬೆಳಕು ೧.೭೫ ವಿಕಲೆಯಷ್ಟು ಓರೆಯಾಗಿ ಬಂದಿತು. ೬೦ ವಿಕಲೆಗಳಿಗಿಂತ ಕಡಮೆಯಾದುದನ್ನು ಬಿಡಿಸಿ ಕಾಣಲಾರದ ನಮ್ಮ ಕಣ್ಣಿಗೆ ಅದು ಗೋಚರವಾಗಲಿಲ್ಲ.