ಮನೆಯ ಸರ್ವರ್‌ ಸುರಕ್ಷಿತವೇ? ಅಪ್‌ಡೇಟ್ ಯಾವಾಗ ಮಾಡಬೇಕು, ಯಾವುದನ್ನು ಬೇರೆ ಇಡಬೇಕು; ಇಲ್ಲಿದೆ ಮಾಹಿತಿ

ಹೈದರಾಬಾದ್: ಬಾಲಾನಗರದಲ್ಲಿ ಇಸ್ರೊದ ರಾಷ್ಟ್ರೀಯ ದೂರಸಂವೇದಿ ಕೇಂದ್ರವಿದೆ. 2009ರಲ್ಲಿ ಆರಂಭವಾದ 'ಭುವನ್' ಭೂಪಟ ಪೋರ್ಟಲ್ ಈ ಸಂಸ್ಥೆಯದೇ. ಅದೇ ಬಾಲಾನಗರದ ಗಲ್ಲಿಗಳಲ್ಲಿ ಲೇತ್ ಯಂತ್ರಗಳ ಸಣ್ಣ ವರ್ಕ್‌ಶಾಪ್‌ಗಳೂ ಒತ್ತೊತ್ತಾಗಿವೆ. ದೊಡ್ಡ ಸಂಸ್ಥೆಗಳಲ್ಲಿ ಸರ್ವರ್ ನೋಡಿಕೊಳ್ಳಲೆಂದೇ ಸಿಬ್ಬಂದಿ ಇರುತ್ತಾರೆ. ವರ್ಕ್‌ಶಾಪ್‌ನಲ್ಲಿ, ಮನೆಯಲ್ಲಿ ಆ ಕೆಲಸ ಮಗನದ್ದೋ ಅಳಿಯನದ್ದೋ ಪಾಲಿಗೆ ಬರುತ್ತದೆ, ಅದೂ ಭಾನುವಾರ ಬಿಡುವಿದ್ದರೆ.

ಹಳೆಯ ಕಂಪ್ಯೂಟರ್‌ಗೆ ಲಿನಕ್ಸ್ ಹಾಕಿ, ಫೋಟೊಗಳಿಗೆ ಇಮಿಚ್, ಫೈಲ್‌ಗಳಿಗೆ ನೆಕ್ಸ್ಟ್‌ಕ್ಲೌಡ್, ಸಿನಿಮಾಗಳಿಗೆ ಪ್ಲೆಕ್ಸ್ ಅಥವಾ ಜೆಲ್ಲಿಫಿನ್ ಹಾಕಿಕೊಂಡರೆ ಮನೆಯ ಸರ್ವರ್ ಸಿದ್ಧ. ತಿಂಗಳ ಬಾಡಿಗೆ ಇಲ್ಲ, ಡೇಟಾ ಬೇರೆಯವರ ಕೈಯಲ್ಲಿಲ್ಲ. ಆದರೆ ಅದನ್ನು ಒಮ್ಮೆ ಹಾಕಿ ಮರೆತುಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಜಗತ್ತಿನ ಗಮನ ಸೆಳೆದ ಉದಾಹರಣೆಯೇ ಇದೆ.

ಒಬ್ಬರ ಮನೆಯಿಂದ ಕಂಪನಿಯೇ ನಡುಗಿತು

ಪಾಸ್‌ವರ್ಡ್ ಕಾಪಾಡುವ ಸೇವೆ ನೀಡುವ ಲಾಸ್ಟ್‌ಪಾಸ್ ಕಂಪನಿಗೆ 2022ರಲ್ಲಿ ಹ್ಯಾಕರ್‌ಗಳು ನುಗ್ಗಿದ್ದರು. ಅವರು ಬಂದ ದಾರಿ ಯಾವುದೆಂದು 2023ರ ಫೆಬ್ರವರಿಯಲ್ಲಿ ಬಯಲಾಯಿತು. ಗ್ರಾಹಕರ ಬ್ಯಾಕಪ್‌ಗಳ ಕೀಲಿ ಕೇವಲ ನಾಲ್ವರು ಎಂಜಿನಿಯರ್‌ಗಳ ಬಳಿ ಇತ್ತು. ಅವರಲ್ಲಿ ಒಬ್ಬರ ಮನೆಯ ಕಂಪ್ಯೂಟರ್‌ನಲ್ಲಿ ಪ್ಲೆಕ್ಸ್‌ನ ಹಳೆಯ ಆವೃತ್ತಿ ಇತ್ತು. ಆ ದೋಷವನ್ನು ಪ್ಲೆಕ್ಸ್ 2020ರ ಮೇ ತಿಂಗಳಲ್ಲೇ ಸರಿಪಡಿಸಿತ್ತು. ಆಮೇಲೆ ಸುಮಾರು 75 ಆವೃತ್ತಿಗಳು ಬಂದುಹೋಗಿದ್ದವು. ಹ್ಯಾಕರ್‌ಗಳು ಆ ದಾರಿಯಲ್ಲಿ ಬಂದು ಕೀಲಿಮಣೆಯಲ್ಲಿ ಒತ್ತಿದ್ದನ್ನೆಲ್ಲ ದಾಖಲಿಸುವ ತಂತ್ರಾಂಶ ಕೂರಿಸಿ, ಮಾಸ್ಟರ್ ಪಾಸ್‌ವರ್ಡ್ ಕದ್ದರು.

ಇಲ್ಲಿ ಎರಡು ತಪ್ಪುಗಳು ಸೇರಿಕೊಂಡಿವೆ. ಅಪ್‌ಡೇಟ್ ಮಾಡದ್ದು ಒಂದು. ಸಿನಿಮಾ ನೋಡುವ ತಂತ್ರಾಂಶವೂ ಕಚೇರಿಯ ಕೀಲಿಯೂ ಒಂದೇ ಯಂತ್ರದಲ್ಲಿ ಇದ್ದದ್ದು ಇನ್ನೊಂದು. ಎರಡನೆಯದೇ ಹೆಚ್ಚು ದುಬಾರಿಯಾಯಿತು ಎನ್ನಬಹುದು.

ಸ್ವಯಂ ಅಪ್‌ಡೇಟ್: ಎಲ್ಲದಕ್ಕೂ ಅಲ್ಲ

ಹಾಗಾದರೆ ಎಲ್ಲವನ್ನೂ ಸ್ವಯಂಚಾಲಿತ ಅಪ್‌ಡೇಟ್‌ಗೆ ಬಿಟ್ಟರೆ ಸಾಕೇ? ಸಾಲದು. ಆಪರೇಟಿಂಗ್ ಸಿಸ್ಟಂನ ಭದ್ರತಾ ಅಪ್‌ಡೇಟ್ ಬೇರೆ, ಆ್ಯಪ್‌ಗಳ ಆವೃತ್ತಿ ಬದಲಾವಣೆ ಬೇರೆ. ಉಬುಂಟು ಸರ್ವರ್‌ನಲ್ಲಿ ಭದ್ರತಾ ಅಪ್‌ಡೇಟ್‌ಗಳು ತಾವಾಗಿಯೇ ಬರುವ ವ್ಯವಸ್ಥೆ ಮೊದಲಿನಿಂದಲೇ ಇರುತ್ತದೆ, ಡೆಬಿಯನ್‌ನಲ್ಲೂ ಹಾಕಿಕೊಳ್ಳಬಹುದು. ಇದನ್ನು ಚಾಲೂ ಇಡುವುದೇ ಒಳ್ಳೆಯದು. ಕರ್ನಲ್ ಬದಲಾದಾಗ ಮಾತ್ರ ರೀಬೂಟ್ ಮಾಡುವ ತನಕ ಹಳೆಯದೇ ಓಡುತ್ತಿರುತ್ತದೆ. ತಿಂಗಳುಗಟ್ಟಲೆ ಸರ್ವರ್ ಆಫ್ ಮಾಡಿಲ್ಲ ಎಂದು ಹೆಮ್ಮೆಪಡುವವರು ಇದನ್ನು ಗಮನಿಸಬೇಕು.

ಆ್ಯಪ್‌ಗಳ ಕತೆ ಹಾಗಲ್ಲ. ಡಾಕರ್ ಬಳಸುವವರು 'ಲೇಟೆಸ್ಟ್' ಎಂಬ ಟ್ಯಾಗ್ ಹಾಕಿ ಸುಮ್ಮನಿರುವುದು ಸಾಮಾನ್ಯ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಒಂದು ಪ್ರಮುಖ ಆವೃತ್ತಿಯಿಂದ ಮುಂದಿನದಕ್ಕೆ ಹಾರಿದರೆ, ಹಳೆಯ ಡೇಟಾವನ್ನು ಹೊಸದು ನೇರವಾಗಿ ಓದುವುದಿಲ್ಲ, ಕಂಟೇನರ್ ಶುರುವಾಗುವುದೇ ಇಲ್ಲ. ನೆಕ್ಸ್ಟ್‌ಕ್ಲೌಡ್‌ನಲ್ಲಿ ಪ್ರಮುಖ ಆವೃತ್ತಿಗಳನ್ನು ಒಂದೊಂದಾಗಿಯೇ ಏರಬೇಕು. ಎರಡು ವರ್ಷ ಬಿಟ್ಟು ಒಮ್ಮೆಲೇ ಹೊಸದಕ್ಕೆ ಹೋಗಲು ಬಿಡುವುದಿಲ್ಲ. ಹೀಗಾಗಿ ಆವೃತ್ತಿ ಸಂಖ್ಯೆಯನ್ನು ಸ್ಪಷ್ಟವಾಗಿ ಬರೆದಿಟ್ಟು, ಬಿಡುಗಡೆ ಟಿಪ್ಪಣಿ ಓದಿ, ಬ್ಯಾಕಪ್ ಅಥವಾ ಸ್ನ್ಯಾಪ್‌ಶಾಟ್ ತೆಗೆದ ಮೇಲೆಯೇ ಬದಲಿಸಬೇಕು. ಡೇಟಾಬೇಸ್ ಓಡುತ್ತಿರುವಾಗ ಅದರ ಫೋಲ್ಡರ್ ನಕಲು ಮಾಡಿದರೆ ಅದನ್ನು ಬ್ಯಾಕಪ್ ಎಂದು ನಂಬುವಂತಿಲ್ಲ. ಡಂಪ್ ತೆಗೆಯಬೇಕು, ಇಲ್ಲವೇ ನಿಲ್ಲಿಸಿ ನಕಲು ಮಾಡಬೇಕು.

ತೀರಾ ಹೊಸದರ ಹಿಂದೆ ಓಡುವುದೂ ಅಪಾಯವೇ. 2024ರ ಮಾರ್ಚ್ 29ರಂದು 'ಎಕ್ಸ್‌ಝಡ್' ಎಂಬ ಲಿನಕ್ಸ್ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಇರುವುದು ಪತ್ತೆಯಾಯಿತು. ಪತ್ತೆ ಹಚ್ಚಿದ್ದು ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್; ಲಾಗಿನ್ ಸ್ವಲ್ಪ ನಿಧಾನವಾದದ್ದೇಕೆ ಎಂಬ ಅವರ ಅನುಮಾನವೇ ಇದಕ್ಕೆ ದಾರಿ. ಡೆಬಿಯನ್‌ನ ಸ್ಥಿರ ಆವೃತ್ತಿ ಬಳಸುತ್ತಿದ್ದವರಿಗೆ ಇದು ತಟ್ಟಲಿಲ್ಲ.

ಬೇರೆ ಬೇರೆ ಇಡುವುದು ಹೇಗೆ?

ಡಾಕರ್ ಕಂಟೇನರ್ ಒಂದು ಮಟ್ಟದ ಗೋಡೆ ಹಾಕುತ್ತದೆ, ಆದರೆ ಎಲ್ಲ ಕಂಟೇನರ್‌ಗಳಿಗೂ ಕರ್ನಲ್ ಒಂದೇ. ವರ್ಚುವಲ್ ಮಷಿನ್‌ಗೆ ತನ್ನದೇ ಕರ್ನಲ್ ಇರುವುದರಿಂದ ಗೋಡೆ ಇನ್ನೂ ಗಟ್ಟಿ. ಪ್ರಾಕ್ಸ್‌ಮಾಕ್ಸ್‌ನಂಥ ಉಚಿತ ತಂತ್ರಾಂಶದಲ್ಲಿ ಎರಡನ್ನೂ ನಡೆಸಬಹುದು. ಹೊರಗಿನಿಂದ ತೆರೆದುಕೊಳ್ಳುವ ಆ್ಯಪ್‌ ಒಂದು ಮಷಿನ್‌ನಲ್ಲಿ, ಲೆಕ್ಕಪತ್ರ ಮತ್ತು ಡ್ರಾಯಿಂಗ್‌ಗಳು ಇನ್ನೊಂದರಲ್ಲಿ ಇದ್ದರೆ, ಒಂದು ಕೆಟ್ಟರೂ ಇನ್ನೊಂದು ಉಳಿಯುವ ಸಾಧ್ಯತೆ ಹೆಚ್ಚು.

ಕಂಟೇನರ್‌ ಬಳಸುವವರು ಹೆಚ್ಚಾಗಿ ಎಡವುವುದು ಎರಡು ಕಡೆ. ಡಾಕರ್‌ನ ಸಾಕೆಟ್ ಫೈಲ್ ಅನ್ನು ಕಂಟೇನರ್ ಒಳಗೆ ಕೊಟ್ಟರೆ ಇಡೀ ಸರ್ವರ್‌ನ ರೂಟ್ ಅಧಿಕಾರ ಕೊಟ್ಟಂತೆಯೇ. ಸ್ವಯಂ ಅಪ್‌ಡೇಟ್ ಮಾಡುವ ಕೆಲ ಉಪಕರಣಗಳು ಕೇಳುವುದೂ ಇದನ್ನೇ. ಇನ್ನೊಂದು, ಉಬುಂಟುವಿನ ಯುಎಫ್‌ಡಬ್ಲ್ಯು ಫೈರ್‌ವಾಲ್‌ನಲ್ಲಿ ಪೋರ್ಟ್ ಮುಚ್ಚಿದ್ದೇವೆ ಎಂದುಕೊಂಡಿದ್ದರೂ ಡಾಕರ್ ಪ್ರಕಟಿಸಿದ ಪೋರ್ಟ್ ಆ ನಿಯಮಗಳನ್ನು ದಾಟಿ ತೆರೆದೇ ಇರುತ್ತದೆ. ಪೋರ್ಟ್ ಸಂಖ್ಯೆಯ ಮುಂದೆ 127.0.0.1 ಎಂದು ಸೇರಿಸಿದರೆ ಅದು ಆ ಯಂತ್ರಕ್ಕಷ್ಟೇ ಸೀಮಿತವಾಗುತ್ತದೆ.

ಹೊರಗಿನಿಂದ ನೋಡಬೇಕೆಂದರೆ ರೂಟರ್‌ನಲ್ಲಿ ಪೋರ್ಟ್ ತೆರೆಯುವ ಬದಲು ವೈರ್‌ಗಾರ್ಡ್ ವಿಪಿಎನ್ ಬಳಸುವುದು ಉತ್ತಮ. ನಮ್ಮಲ್ಲಿ ಹಲವು ಬ್ರಾಡ್‌ಬ್ಯಾಂಡ್ ಕಂಪನಿಗಳು ಪ್ರತಿ ಮನೆಗೂ ಪ್ರತ್ಯೇಕ ಸಾರ್ವಜನಿಕ ಐಪಿ ಕೊಡುವುದಿಲ್ಲ. ಅಂಥವರಿಗೆ ಟೇಲ್‌ಸ್ಕೇಲ್‌ನಂಥ ಸೇವೆ ಕೆಲಸಕ್ಕೆ ಬರುತ್ತದೆ. ಟಿವಿ, ಸಿಸಿಟಿವಿ ಕ್ಯಾಮೆರಾಗಳನ್ನು ರೂಟರ್‌ನ ಗೆಸ್ಟ್ ನೆಟ್‌ವರ್ಕ್‌ಗೆ ಹಾಕಬಹುದು. ಯಂತ್ರಕ್ಕೆ ಜೋಡಿಸಿದ ಹಳೆಯ ವಿಂಡೋಸ್ ಕಂಪ್ಯೂಟರ್‌ಗೂ ಬೇರೆ ನೆಟ್‌ವರ್ಕ್ ಬೇಕು; ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ.

ದಾಳಿ ಆಗಿಬಿಟ್ಟರೆ?

2022ರ ಜನವರಿಯಲ್ಲಿ 'ಡೆಡ್‌ಬೋಲ್ಟ್' ಎಂಬ ರ‍್ಯಾನ್ಸಮ್‌ವೇರ್ ಇಂಟರ್ನೆಟ್‌ಗೆ ತೆರೆದಿದ್ದ ಕ್ಯೂನ್ಯಾಪ್ ಸ್ಟೋರೇಜ್ ಪೆಟ್ಟಿಗೆಗಳಿಗೆ ನುಗ್ಗಿ, ಫೈಲ್‌ಗಳಿಗೆ ಬೀಗ ಹಾಕಿ, ಒಬ್ಬೊಬ್ಬರಿಂದ 0.03 ಬಿಟ್‌ಕಾಯಿನ್ ಕೇಳಿತ್ತು. ಇಂಥದ್ದು ಕಂಡರೆ ಮೊದಲು ನೆಟ್‌ವರ್ಕ್ ಕೇಬಲ್ ಕಿತ್ತು, ಬ್ಯಾಕಪ್ ಡಿಸ್ಕ್ ಅನ್ನು ಜೋಡಿಸದೆ ದೂರವಿಡಬೇಕು. ಯೂರೋಪೋಲ್ ಮತ್ತು ಇತರರು 2016ರಲ್ಲಿ ಆರಂಭಿಸಿದ 'ನೋ ಮೋರ್ ರ‍್ಯಾನ್ಸಮ್' ತಾಣದಲ್ಲಿ ಕೆಲವು ಬಗೆಯ ಬೀಗಗಳನ್ನು ತೆಗೆಯುವ ಉಪಕರಣಗಳು ಉಚಿತವಾಗಿ ಸಿಗುತ್ತವೆ. ಘಟನೆಯನ್ನು ಸರ್ಟ್-ಇನ್‌ಗೆ ತಿಳಿಸಬಹುದು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.