ಕುದುರೆಯ ಚಿತ್ರವೂ ನೋಡುಗರ ಮಾತೂ



ನೀವು ಕೋಲಾರದಲ್ಲೋ ಮಾಲೂರಿನಲ್ಲೋ ಓದುತ್ತಿದ್ದೀರಿ ಎಂದಿಟ್ಟುಕೊಳ್ಳೋಣ. ಕಾಲೇಜಿನ ಕಂಪ್ಯೂಟರಿನಲ್ಲಿ, ಇಲ್ಲವೇ ಅಣ್ಣನ ಮೊಬೈಲ್ ಫೋನಿನ ಮೇಲೆ ಬೆರಳಾಡಿಸಿ, ಓಡುವ ಕುದುರೆಯ ಒಂದು ಚಿತ್ರ ಬರೆದಿದ್ದೀರಿ. ನಾಲ್ಕು ದಿನಗಳ ಶ್ರಮ. ಅದನ್ನು ಗೆಳೆಯರಿಗೆ ತೋರಿಸುತ್ತೀರಿ. ಒಬ್ಬಳು "ತುಂಬಾ ಚೆನ್ನಾಗಿದೆ ಕಣೇ" ಎನ್ನುತ್ತಾಳೆ. ಇನ್ನೊಬ್ಬ "ಇದು ಕುದುರೆಯೋ ಕತ್ತೆಯೋ" ಎಂದು ನಗುತ್ತಾನೆ. ಮೂರನೆಯವನು "ಕಾಲು ಯಾಕೋ ಸರಿಯಿಲ್ಲ" ಎಂದು ಹೇಳಿ ಸುಮ್ಮನಾಗುತ್ತಾನೆ. ಈ ಮೂವರಲ್ಲಿ ನಿಮ್ಮ ಚಿತ್ರಕ್ಕೆ ಉಪಕಾರ ಮಾಡಿದವರು ಯಾರು? ಮೂರನೆಯವನು ಹತ್ತಿರ ಬಂದ. ಆದರೆ ಅರ್ಧ ದಾರಿಯಲ್ಲಿ ನಿಂತುಬಿಟ್ಟ. ಯಾವ ಕಾಲು, ಹೇಗೆ ಸರಿಯಿಲ್ಲ ಎಂದು ಅವನು ಹೇಳಲಿಲ್ಲ. ನೀವೂ ಕೇಳಲಿಲ್ಲ.

ಇದು ಕಂಪ್ಯೂಟರ್ ಬಂದ ಮೇಲೆ ಹುಟ್ಟಿದ ತೊಡಕಲ್ಲ. ಚಿತ್ರ ನೋಡಿದವರು ಏನನ್ನು ಮೆಚ್ಚುತ್ತಾರೆ ಎಂಬುದನ್ನು ನಮ್ಮ ಹಿಂದಿನವರು ಗಮನಿಸಿ ಬರೆದಿಟ್ಟಿದ್ದಾರೆ. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರವೆಂಬ ಭಾಗದಲ್ಲಿ ಈ ವಿಚಾರ ಬರುತ್ತದೆ. ಆಚಾರ್ಯರು ರೇಖೆಯನ್ನು ಹೊಗಳುತ್ತಾರಂತೆ, ವಿಚಕ್ಷಣರು ನೆರಳು ಬೆಳಕನ್ನು, ಸ್ತ್ರೀಯರು ಒಡವೆ ಅಲಂಕಾರವನ್ನು, ಉಳಿದ ಜನ ಬಣ್ಣದ ಸಮೃದ್ಧಿಯನ್ನು. ಸ್ತ್ರೀಯರ ಬಗ್ಗೆ ಹೇಳಿದ್ದನ್ನು ಇಂದಿನ ವಿದ್ಯಾರ್ಥಿನಿಯರು ಒಪ್ಪಬೇಕಾಗಿಲ್ಲ, ನಾನೂ ಒಪ್ಪುವುದಿಲ್ಲ. ಆದರೆ ಮುಖ್ಯ ಮಾತು ನಿಜ. ಒಂದೇ ಚಿತ್ರದ ಮುಂದೆ ನಾಲ್ವರು ನಿಂತರೆ ಅವರು ನೋಡುವುದು ನಾಲ್ಕು ಬೇರೆ ಬೇರೆ ವಸ್ತುಗಳನ್ನು.

ನಮ್ಮ ಕನ್ನಡ ನಾಡಿನದೇ ಆದ ಇನ್ನೊಂದು ಗ್ರಂಥವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ, ಮಾನಸೋಲ್ಲಾಸ. ಅದರಲ್ಲಿ ಕುದುರೆಗಳ ವಿಚಾರವೂ ಇದೆ, ಚಿತ್ರಕಲೆಯ ವಿಚಾರವೂ ಇದೆ. ಚಿತ್ರಗಳನ್ನು ಅಲ್ಲಿ ಬಗೆಬಗೆಯಾಗಿ ವಿಂಗಡಿಸಲಾಗಿದೆ. ಕನ್ನಡಿಯಲ್ಲಿ ಕಂಡಂತೆ ಇದ್ದದ್ದನ್ನು ಇದ್ದಂತೆಯೇ ತೋರಿಸುವುದು ವಿದ್ಧ ಚಿತ್ರ. ಮನಸ್ಸಿಗೆ ತೋರಿದಂತೆ ಬರೆದದ್ದು ಅವಿದ್ಧ. ಭಾವವನ್ನು ಹೊಮ್ಮಿಸುವುದು ಭಾವಚಿತ್ರ. ಇಂದು ನಾವು ಭಾವಚಿತ್ರವೆಂದರೆ ಫೋಟೋ ಎಂದು ತಿಳಿಯುತ್ತೇವೆ, ಅದು ಬೇರೆ ಮಾತು.

ಈ ವಿಂಗಡಣೆ ನಮಗೇಕೆ ಬೇಕು? ಮುಳಬಾಗಿಲು ತಾಲ್ಲೂಕಿನ ಆವನಿಯನ್ನು ನೆನೆಯಿರಿ. ಲವಕುಶರು ಹುಟ್ಟಿ ಬೆಳೆದದ್ದು ಅಲ್ಲಿಯೇ, ತಂದೆಯ ಅಶ್ವಮೇಧದ ಕುದುರೆಯನ್ನು ಕಟ್ಟಿ ಕಾದಿದ್ದೂ ಅಲ್ಲಿಯೇ ಎಂಬುದು ಸ್ಥಳದ ಐತಿಹ್ಯ. ಮುಳಬಾಗಿಲಿನ ಹುಡುಗಿಯೊಬ್ಬಳು ಆ ಯಜ್ಞಾಶ್ವವನ್ನು ಕಂಪ್ಯೂಟರಿನಲ್ಲಿ ಬರೆದರೆ, ಅದರ ಮೈ ಬೆಳ್ಳಗೆ ಹೊಳೆಯುವುದು, ಹಣೆಯ ಪಟ್ಟ ಬೆಳಗುವುದು ಆಕೆಗೆ ಮುಖ್ಯ. ಶ್ರೀನಿವಾಸಪುರದ ಹುಡುಗನೊಬ್ಬ ಮಾವಿನ ತೋಪಿನ ನೆರಳಿನಲ್ಲಿ ಬಿಚ್ಚಿ ನಿಲ್ಲಿಸಿದ ಜಟಕಾ ಗಾಡಿಯ ಮುದಿ ಕುದುರೆಯನ್ನು ಬರೆದರೆ, ಅದರ ಎದ್ದ ಪಕ್ಕೆಲುಬು, ಒಂದು ಹಿಂಗಾಲನ್ನು ಸಡಿಲ ಬಿಟ್ಟ ನಿಲುವು ಅವನಿಗೆ ಮುಖ್ಯ. ಮೊದಲನೆಯದರ ಪಕ್ಕೆಲುಬು ಎಣಿಸುವವನೂ, ಎರಡನೆಯದು ಸಪ್ಪೆಯಾಗಿದೆ, ಇನ್ನಷ್ಟು ಬಣ್ಣ ಹಾಕು ಎನ್ನುವವನೂ ಚಿತ್ರ ನೋಡಲೇ ಇಲ್ಲ. ಆದ್ದರಿಂದ ಬಾಯಿ ತೆರೆಯುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ನೀನು ಏನನ್ನು ಬರೆಯಲು ಹೊರಟಿದ್ದೆ?

ಈಗ ಕಾಲಿನ ವಿಚಾರಕ್ಕೆ ಬರೋಣ. ಕುದುರೆಯ ಚಿತ್ರದಲ್ಲಿ ಎಲ್ಲರೂ ಎಡವುವುದು ಅಲ್ಲಿಯೇ.

ನಮ್ಮ ಜಿಲ್ಲೆ ವೀರಗಲ್ಲುಗಳ ಜಿಲ್ಲೆ. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟ ಪೂರ್ತಿ ಕೋಲಾರ ಜಿಲ್ಲೆಯ ಶಾಸನಗಳಿಗೇ ಮೀಸಲು. ತುರುಗಳನ್ನು ಹಿಂದಕ್ಕೆ ತರಲು ಹೋಗಿ ಸತ್ತ ವೀರರ ಎಷ್ಟೋ ಕಲ್ಲುಗಳ ಬರಹ ಅದರಲ್ಲಿದೆ. ಊರಾಚೆಯ ಕೆರೆ ಏರಿಯ ಮೇಲೋ ಹೊಲದ ಬದುವಿನಲ್ಲೋ ಕುದುರೆ ಸವಾರನಿರುವ ಕಲ್ಲು ನಿಮಗೆ ಸಿಕ್ಕರೆ ಕುದುರೆಯ ಕಾಲುಗಳನ್ನು ನೋಡಿ. ಆ ಕಲ್ಲುಕುಟಿಗನಿಗೆ ಯಾರಾದರೂ "ಇಲ್ಲಿ ಗೊರಸು ತಪ್ಪಿದೆ" ಎಂದು ಹೇಳಿದ್ದರೆ ಅವನು ಏನು ಮಾಡಬಹುದಿತ್ತು? ಉಳಿ ಒಮ್ಮೆ ಬಿದ್ದ ಮೇಲೆ ಕಲ್ಲು ಹಿಂದಕ್ಕೆ ಬರುವುದಿಲ್ಲ.

ಗೋಡೆಯ ಚಿತ್ರವನ್ನು ಮತ್ತೆ ಬರೆಯಬಹುದು. ಅದರ ಕಥೆ ಇನ್ನೂ ಕುತೂಹಲದ್ದು, ನಮ್ಮ ಜಿಲ್ಲೆಗೂ ಸಂಬಂಧಪಟ್ಟದ್ದು. ಹೈದರಾಲಿ ಹುಟ್ಟಿದ್ದು ಬೂದಿಕೋಟೆಯಲ್ಲಿ. ಅವನ ತಂದೆ ಫತೇ ಮಹಮ್ಮದನ ಗೋರಿ ಕೋಲಾರ ಪಟ್ಟಣದಲ್ಲಿದೆ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು, ಕರ್ನಲ್ ಬೈಲಿಯ ಇಂಗ್ಲಿಷ್ ಸೈನ್ಯವನ್ನು ಸೋಲಿಸಿದರು. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಪಶ್ಚಿಮದ ಗೋಡೆಯ ಮೇಲೆ ಟಿಪ್ಪು ಆ ಯುದ್ಧದ ಚಿತ್ರ ಬರೆಸಿದ. ಶಾಲೆಯ ಪ್ರವಾಸದಲ್ಲಿ ನೀವು ನೋಡಿರಬಹುದು. ಸಾಲು ಸಾಲು ಕುದುರೆಗಳು, ಮೇಲೆತ್ತಿದ ಮುಂಗಾಲುಗಳು, ನಡುವೆ ಪಲ್ಲಕ್ಕಿಯಲ್ಲಿ ಕುಳಿತ ಬೈಲಿ.

ಆದರೆ ನೀವು ನೋಡಿದ್ದು ಮೊದಲ ಚಿತ್ರಕಾರರ ಕೈಯನ್ನಲ್ಲ. ಆ ಚಿತ್ರ ಹಾಳಾಗಿತ್ತು. 1799ರ ನಂತರ ಆ ಅರಮನೆಯಲ್ಲಿ ವಾಸವಾಗಿದ್ದ ಕರ್ನಲ್ ವೆಲ್ಲೆಸ್ಲಿ ಅದನ್ನು ಸರಿಪಡಿಸಿದ. ಆಮೇಲೆ ಅದರ ಮೇಲೆ ಸುಣ್ಣ ಬಿತ್ತು. 1850ರ ದಶಕದಲ್ಲಿ ಲಾರ್ಡ್ ಡಾಲ್‌ಹೌಸಿ ಬಂದು ನೋಡಿ, ಮೂಲ ಚಿತ್ರ ನೆನಪಿದ್ದ ದೇಶೀಯ ಚಿತ್ರಕಾರನಿಂದ ಮತ್ತೆ ಬರೆಸಬೇಕೆಂದು ಆಜ್ಞೆ ಮಾಡಿದ. ಗೆದ್ದವರು ಬರೆಸಿದ ಚಿತ್ರವನ್ನು ಸೋತವರ ಕಡೆಯವರೇ ಉಳಿಸಿದರು ಎನ್ನುವುದು ಇತಿಹಾಸದ ಒಂದು ವಿನೋದ. ನೆನಪಿನಿಂದ ಬರೆಯುವಾಗ ಎಷ್ಟು ಕುದುರೆಗಳ ಕಾಲು ಬದಲಾದವೋ! ಹಳೆಯದನ್ನು ಪಕ್ಕದಲ್ಲಿಟ್ಟು ಹೋಲಿಸಲು ಹಳೆಯದೇ ಉಳಿಯಲಿಲ್ಲ.

ಇನ್ನು ನಾನು ಹೇಳಬೇಕೆಂದಿರುವ ಮುಖ್ಯ ಘಟನೆ. ಕುದುರೆಯ ವೇಗದ ಓಟಕ್ಕೆ ಕನ್ನಡದಲ್ಲಿ ನಾಗಾಲೋಟ ಎಂಬ ಚೆಲುವಾದ ಮಾತಿದೆ. ನಾಲ್ಕು ಕಾಲಿನ ಓಟ. ಆ ನಾಲ್ಕು ಕಾಲು ಓಟದಲ್ಲಿ ಹೇಗೆ ಬೀಳುತ್ತವೆ ಎಂಬುದನ್ನು ಬರಿಗಣ್ಣು ಹಿಡಿಯಲಾರದು. ಹಾಗಾಗಿ ಚೀನದಿಂದ ಇಂಗ್ಲೆಂಡಿನವರೆಗೆ ಎಷ್ಟೋ ಚಿತ್ರಕಾರರು ಮುಂಗಾಲೆರಡನ್ನು ಮುಂದಕ್ಕೂ ಹಿಂಗಾಲೆರಡನ್ನು ಹಿಂದಕ್ಕೂ ಚಾಚಿ, ಕುದುರೆ ಗಾಳಿಯಲ್ಲಿ ಹಾರುವಂತೆ ಬರೆಯುತ್ತಿದ್ದರು. ನೋಡಿದವರೆಲ್ಲ ಭೇಷ್ ಎಂದರು.

1878ರ ಜೂನ್ ತಿಂಗಳಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ, ರೈಲ್ವೆ ಧನಿಕ ಲೆಲ್ಯಾಂಡ್ ಸ್ಟಾನ್‌ಫರ್ಡನ ಕುದುರೆ ಲಾಯದ ಬಳಿ, ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕ ಓಟದ ಹಾದಿಯ ಪಕ್ಕದಲ್ಲಿ 12 ಕ್ಯಾಮೆರಾಗಳನ್ನು ಸಾಲಾಗಿ ನಿಲ್ಲಿಸಿದ. ಹಾದಿಗೆ ಅಡ್ಡಲಾಗಿ ದಾರಗಳನ್ನು ಕಟ್ಟಿದ. ಸ್ಯಾಲಿ ಗಾರ್ಡ್‌ನರ್ ಎಂಬ ಹೆಣ್ಣು ಕುದುರೆ ಓಡುತ್ತ ಬಂದು ಒಂದೊಂದು ದಾರವನ್ನು ಹರಿದಂತೆ ಒಂದೊಂದು ಕ್ಯಾಮೆರಾ ಚಿತ್ರ ತೆಗೆಯಿತು. ನಾಲ್ಕು ಗೊರಸೂ ನೆಲ ಬಿಟ್ಟಿರುವ ಒಂದು ಕ್ಷಣ ಇದೆ ಎಂಬುದು ಖಚಿತವಾಯಿತು. ಆದರೆ ಆ ಕ್ಷಣದಲ್ಲಿ ಕಾಲುಗಳು ಚಾಚಿರಲಿಲ್ಲ. ಹೊಟ್ಟೆಯ ಕೆಳಗೆ ಮುದುರಿಕೊಂಡಿದ್ದವು. ಅಷ್ಟು ದೇಶಗಳ, ಅಷ್ಟು ಶತಮಾನಗಳ ಭೇಷ್ ಎಲ್ಲವೂ ಒಂದು ತಪ್ಪಿಗೆ ಸಿಕ್ಕಿದ ಭೇಷ್ ಆಗಿತ್ತು.

ಈ ಸುದ್ದಿಯನ್ನು ಚಿತ್ರಕಾರರು ಹೇಗೆ ತೆಗೆದುಕೊಂಡರು? ಫ್ರಾನ್ಸಿನ ಮೆಸ್ಸೋನಿಯೇ ಎಂಬಾತ ಆಗ ಯೂರೋಪಿನ ಹೆಸರಾಂತ ಚಿತ್ರಕಾರ. ಕುದುರೆಗಳನ್ನು ಬರೆಯುವುದರಲ್ಲಿ ತನಗೆ ಸಮನಿಲ್ಲ ಎಂಬ ಅಭಿಮಾನ ಅವನಿಗಿತ್ತು, ಅದು ಪೊಳ್ಳೂ ಅಲ್ಲ. ಓಡುವ ಕುದುರೆಯ ಜೊತೆಜೊತೆಗೇ ಸಾಗಿ ನೋಡಲೆಂದು ಅವನು ತನ್ನ ಜಮೀನಿನಲ್ಲಿ ಪುಟ್ಟ ಹಳಿ ಹಾಕಿಸಿ, ಗಾಡಿಯಲ್ಲಿ ಕುಳಿತು ಗುರುತು ಹಾಕಿಕೊಳ್ಳುತ್ತಿದ್ದ. ನೆಪೋಲಿಯನ್ನನ ಸೈನ್ಯದ ಕುದುರೆಗಳಿರುವ ಫ್ರೀಡ್‌ಲ್ಯಾಂಡ್ ಎಂಬ ದೊಡ್ಡ ಚಿತ್ರಕ್ಕೆ ಹತ್ತು ವರ್ಷಕ್ಕೂ ಮೇಲ್ಪಟ್ಟು ದುಡಿದು 1875ರಲ್ಲಿ ಮುಗಿಸಿದ್ದ. ಮೂರು ವರ್ಷದ ಮೇಲೆ ಈ ಫೋಟೋಗಳು ಬಂದವು. ಅಂಥವನಿಗೆ ಎಷ್ಟು ನೋವಾಗಿರಬೇಕು, ಯೋಚಿಸಿ. ಆದರೂ 1881ರ ನವೆಂಬರಿನಲ್ಲಿ ಮೆಸ್ಸೋನಿಯೇ ಪ್ಯಾರಿಸ್ಸಿನ ತನ್ನ ಮನೆಗೆ ಮೈಬ್ರಿಜ್‌ನನ್ನೇ ಕರೆಸಿ, ಚಿತ್ರಕಾರರನ್ನೂ ಸಾಹಿತಿಗಳನ್ನೂ ಸೇರಿಸಿ, ತಾನು ತಪ್ಪಿದ್ದೆ ಎಂದು ತೋರಿಸುವ ಚಿತ್ರಗಳನ್ನು ಎಲ್ಲರಿಗೂ ತೋರಿಸಿದ. 1888ರಲ್ಲಿ ಅದೇ ಫ್ರೀಡ್‌ಲ್ಯಾಂಡನ್ನು ಜಲವರ್ಣದಲ್ಲಿ ಮತ್ತೆ ಬರೆದು ಕುದುರೆಗಳ ಕಾಲನ್ನು ತಿದ್ದಿದ. ಆಗ ಅವನ ವಯಸ್ಸು 70 ದಾಟಿತ್ತು.

ಶಿಲ್ಪಿ ರೋಡಾನ್ ಬೇರೆ ದಾರಿ ಹಿಡಿದ. 1911ರಲ್ಲಿ ಪ್ರಕಟವಾದ ಒಂದು ಸಂವಾದದಲ್ಲಿ, ಕಾಲು ಚಾಚಿ ಹಾರುವ ಜೆರಿಕೋನ ಕುದುರೆಗಳ ಪರವಾಗಿ ಅವನು ವಾದಿಸಿದ್ದಾನೆ. ಫೋಟೋ ಕಾಲವನ್ನು ನಿಲ್ಲಿಸಿಬಿಡುತ್ತದೆ, ಆದರೆ ಕಾಲ ನಿಲ್ಲುವುದಿಲ್ಲ. ಚಿತ್ರಕಾರ ಹಿಂದಿನ ಕ್ಷಣವನ್ನೂ ಮುಂದಿನ ಕ್ಷಣವನ್ನೂ ಒಂದೇ ಮೈಯಲ್ಲಿ ಕೂಡಿಸಿ ಓಟವನ್ನು ಕಾಣಿಸುತ್ತಾನೆ ಎಂಬುದು ಅವನ ವಾದದ ಸಾರ. ನನಗೆ ಇದು ಸೋತವನ ಸಬೂಬಾಗಿ ಕಾಣುವುದಿಲ್ಲ. ಆದರೆ ಒಂದು ವ್ಯತ್ಯಾಸ ನೋಡಿ. ರೋಡಾನ್ ಫೋಟೋವನ್ನು ನೋಡಿ, ಅದು ಹೇಳುವುದನ್ನು ಅರ್ಥ ಮಾಡಿಕೊಂಡು, ಆಮೇಲೆ ಬೇಡವೆಂದ. ನಮ್ಮಲ್ಲಿ ಅನೇಕರು "ಅದು ನನ್ನ ಶೈಲಿ" ಎಂದು ಹೇಳುವುದು ಕಾಲನ್ನು ನೋಡುವ ಮೊದಲೇ.

ತಪ್ಪು ತೋರಿಸಿದ ಮೈಬ್ರಿಜ್‌ನಿಗೆ ಏನಾಯಿತು ಎಂಬುದನ್ನೂ ಹೇಳಬೇಕು. 1882ರಲ್ಲಿ ಸ್ಟಾನ್‌ಫರ್ಡ್ ಹೊರತಂದ ಪುಸ್ತಕದಲ್ಲಿ ಆ ಚಿತ್ರಗಳನ್ನು ಬಳಸಿದರೂ ಬರೆದವರ ಸ್ಥಾನದಲ್ಲಿ ಸ್ಟಿಲ್‌ಮನ್ ಎಂಬ ವೈದ್ಯನ ಹೆಸರಿತ್ತು, ಮೈಬ್ರಿಜ್‌ನಿಗೆ ಸಲ್ಲಬೇಕಾದ ಮನ್ನಣೆ ಸಲ್ಲಲಿಲ್ಲ. ಅವನು ನ್ಯಾಯಾಲಯಕ್ಕೆ ಹೋಗಿ ಸೋತ. ನಿಮ್ಮ ಚಿತ್ರದ ಕಾಲನ್ನು ತಿದ್ದಿಕೊಟ್ಟ ಗೆಳತಿಯ ಹೆಸರನ್ನು ಚಿತ್ರದ ಕೆಳಗೆ ಬರೆಯಲು ಎಷ್ಟು ಜಾಗ ಬೇಕು?

ಫೋಟೋ ಬಂದ ಮೇಲೆ ತಪ್ಪು ನಿಂತಿತೇ? ಇಲ್ಲ. 2012ರಲ್ಲಿ ಹಂಗೇರಿಯ ಸಂಶೋಧಕರು ನಡೆಯುತ್ತಿರುವ ನಾಲ್ಕು ಕಾಲಿನ ಪ್ರಾಣಿಗಳ ಸುಮಾರು 1000 ಚಿತ್ರ, ಶಿಲ್ಪಗಳನ್ನು ಪರೀಕ್ಷಿಸಿದರು. ಗುಹೆಗಳ ಆದಿಮಾನವರ ಚಿತ್ರಗಳಲ್ಲಿ ಶೇಕಡ 46.2 ತಪ್ಪು. ಮೈಬ್ರಿಜ್‌ಗಿಂತ ಹಿಂದಿನ ಕಾಲದವುಗಳಲ್ಲಿ ಶೇಕಡ 83.5. ಅವನ ನಂತರದವುಗಳಲ್ಲಿ ಶೇಕಡ 57.9. ಬೇಟೆಯಾಡುತ್ತಿದ್ದವನು ಎಲ್ಲರಿಗಿಂತ ಚೆನ್ನಾಗಿ ನೋಡಿದ್ದ. ಅವನ ಊಟ ಅದರ ಮೇಲೆ ನಿಂತಿತ್ತು.

ಕುದುರೆ ನಡೆಯುವಾಗ ಕಾಲು ಬೀಳುವ ಕ್ರಮ ಹೀಗೆ: ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು. ಇನ್ನೊಂದು ವಿಷಯ. ಹಿಂಗಾಲಿನ ನಡುವೆ ಹಿಂದಕ್ಕೆ ಬಾಗಿರುವ ಕೀಲನ್ನು ನಾವು ಮೊಣಕಾಲು ಎಂದುಕೊಳ್ಳುತ್ತೇವೆ. ಅದು ನಮ್ಮ ಹಿಮ್ಮಡಿಗೆ ಸಮ. ನಿಜವಾದ ಮೊಣಕಾಲು ಮೇಲೆ, ಹೊಟ್ಟೆಯ ಹತ್ತಿರ ಇರುತ್ತದೆ. ಇಷ್ಟು ತಿಳಿದವನು "ಕಾಲು ಯಾಕೋ ಸರಿಯಿಲ್ಲ" ಎನ್ನುವುದಿಲ್ಲ. "ಬಲ ಹಿಂಗಾಲಿನ ಹಿಮ್ಮಡಿ ಕೀಲು ಮುಂದಕ್ಕೆ ಬಾಗಿದೆ, ನೋಡು" ಎನ್ನುತ್ತಾನೆ. ಬರೆದವಳಿಗೆ ಆಗ ಅವಮಾನವಾಗುವುದು ಕಡಿಮೆ, ಏಕೆಂದರೆ ಇಬ್ಬರೂ ನೋಡುತ್ತಿರುವುದು ಕುದುರೆಯನ್ನು, ಅವಳನ್ನಲ್ಲ.

ಕಂಪ್ಯೂಟರಿನ ಅನುಕೂಲವೂ ಇಲ್ಲಿಯೇ ಇದೆ. ಚಿತ್ರವನ್ನು ಪದರ ಪದರವಾಗಿ ಇಡಬಹುದು. ತಿದ್ದುವವರು ಮೂಲ ಗೆರೆಯನ್ನು ಮುಟ್ಟದೆ, ಮೇಲೆ ಗಾಜಿನ ಹಾಳೆಯಂಥ ಇನ್ನೊಂದು ಪದರದಲ್ಲಿ ಕೆಂಪು ಗೆರೆ ಎಳೆದು ತೋರಿಸಬಹುದು. ಒಪ್ಪಿಗೆಯಾದರೆ ಉಳಿಸಿ, ಇಲ್ಲವಾದರೆ ತೆಗೆಯಿರಿ. ಹಳೆಯ ಪ್ರತಿಯನ್ನು ದಿನಾಂಕ ಹಾಕಿ ಬೇರೆಯಾಗಿ ಕಾಪಾಡಿ. ಶ್ರೀರಂಗಪಟ್ಟಣದ ಗೋಡೆಗೆ ಈ ಭಾಗ್ಯ ಇರಲಿಲ್ಲ. ಮೈಬ್ರಿಜ್‌ನ ಕುದುರೆಗಳಂತೂ ಊಹಿಸಲಾಗದ ಕಡೆಗೆ ಓಡಿವೆ. 2017ರಲ್ಲಿ ಹಾರ್ವರ್ಡ್ ವಿಜ್ಞಾನಿಗಳು ಅವನ ಆನಿ ಜಿ. ಎಂಬ ಕುದುರೆಯ ಓಟದ 5 ಚಿತ್ರಗಳನ್ನು ಸಂಕೇತಗಳಾಗಿ ಮಾರ್ಪಡಿಸಿ, ಜೀವಂತ ಬ್ಯಾಕ್ಟೀರಿಯಗಳ ಡಿಎನ್‌ಎಯಲ್ಲಿ ಸೇರಿಸಿ, ಮತ್ತೆ ಓದಿ ತೆಗೆದರು.

ಕಂಪ್ಯೂಟರನ್ನು ಮುಚ್ಚಿಟ್ಟು, ಮುಂದಿನ ಜಾತ್ರೆಯಲ್ಲಿ ಕೀಲುಕುದುರೆಯ ಕುಣಿತ ಬಂದರೆ ಹತ್ತಿರ ಹೋಗಿ ನಿಲ್ಲಿ. ಬಿದಿರು, ಬಟ್ಟೆ, ಬಣ್ಣದ ಕಾಗದದ ಆ ಕುದುರೆಗೆ ತಲೆಯಿದೆ, ಬೆನ್ನಿದೆ, ಬಾಲವಿದೆ. ಕಾಲು ಮಾತ್ರ ಕುಣಿಯುವವನದು, ಅದೂ ಎರಡೇ. ಆದರೂ ಹೆಜ್ಜೆ ತಪ್ಪಿದರೆ ಸುತ್ತ ನಿಂತ ಹಳಬರಲ್ಲಿ ಯಾರಾದರೊಬ್ಬರು "ಲೋ, ಕುದುರೆ ಕುಂಟ್ತಾ ಐತೆ" ಎಂದು ಕೂಗುತ್ತಾರೆ. ತಮಟೆಯವನು ನಗುತ್ತ ಲಯ ತುಸು ಇಳಿಸುತ್ತಾನೆ, ಕುಣಿಯುವವನು ಹೆಜ್ಜೆ ಹಿಡಿದುಕೊಳ್ಳುತ್ತಾನೆ.