ಪಟ್ಟದಕಲ್ಲಿನ ಸೂತ್ರಧಾರಿ ಯಾವ ಮನೆಯವನು?

ಮುಧೋಳದ ರನ್ನಕವಿ ತನ್ನ ಮನೆತನದ ವಿವರವನ್ನು ತಾನೇ ಹೇಳಿಕೊಂಡಿದ್ದಾನೆ. ಬಳೆಗಾರರ ಕುಲ, ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ, ಊರು ಮುದುವೊಳಲು. ಅವನಿಗಿಂತ ಎರಡು ಶತಮಾನ ಮೊದಲು, ಇದೇ ಬಾಗಲಕೋಟೆ ಸೀಮೆಯ ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ದೇವಾಲಯವನ್ನು ಕಟ್ಟಿದ ಗುಂಡನಿಗೆ ಹೀಗೆ ಹೇಳಿಕೊಳ್ಳಲು ಕಾವ್ಯವಿರಲಿಲ್ಲ. ಅವನ ಮೂಲವನ್ನು ಗೋಡೆಯ ಮೇಲಿನ ಕೆಲವೇ ಸಾಲುಗಳಲ್ಲಿ ಹುಡುಕಬೇಕು.

ಬಾದಾಮಿ ಚಾಲುಕ್ಯ ದೊರೆ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಮೂರು ಸಲ ಗೆದ್ದ ನೆನಪಿಗೆ, 8ನೇ ಶತಮಾನದ ಪೂರ್ವಾರ್ಧದಲ್ಲಿ ರಾಣಿ ಲೋಕಮಹಾದೇವಿ ಈ ಗುಡಿಯನ್ನು ಕಟ್ಟಿಸಿದಳು. ಆಗ ಇದಕ್ಕೆ ಲೋಕೇಶ್ವರವೆಂದು ಹೆಸರು. ಇಲ್ಲಿನ ಹಳಗನ್ನಡ ಶಾಸನಗಳನ್ನು ಜೆ.ಎಫ್. ಫ್ಲೀಟ್ 1881ರಲ್ಲಿ ಪ್ರಕಟಿಸಿದರು. ಗುಡಿ ಕಟ್ಟಿದ ಸೂತ್ರಧಾರಿ ಗುಂಡ. ಅವನಿಗೆ ಅನಿವಾರಿತಾಚಾರಿ, ತ್ರಿಭುವನಾಚಾರಿ ಎಂಬ ಬಿರುದುಗಳು. ಅಲ್ಲಿಯೇ ಸರ್ವಸಿದ್ಧಿ ಆಚಾರಿ ಎಂಬವನ ಹೊಗಳಿಕೆಯೂ ಇದೆ. ಮನೆ, ಪ್ರಾಸಾದಗಳಷ್ಟೇ ಅಲ್ಲ. ವಾಹನ, ಆಸನ, ಮಂಚ, ಮಣಿಮಕುಟಗಳ ರಚನೆಯಲ್ಲೂ ಅವನು ನಿಪುಣ. ಅವನು ‘ತೆಂಕಣ ದೆಸೆಯ ಸೂತ್ರಧಾರಿ’.

ಈ ‘ತೆಂಕಣ ದೆಸೆ’ಯೇ ವಿವಾದದ ಬೇರು. ವಿರೂಪಾಕ್ಷ ಗುಡಿಗೂ ಕಂಚಿಯ ಕೈಲಾಸನಾಥ ಗುಡಿಗೂ ಹೋಲಿಕೆಯಿದೆ. ಕಂಚಿಯ ಆ ಗುಡಿಯಲ್ಲಿ ವಿಕ್ರಮಾದಿತ್ಯನ ಕನ್ನಡ ಶಾಸನವೂ ಇದೆ. ಆದ್ದರಿಂದ ಗೆದ್ದ ದೊರೆ ಕಂಚಿಯ ಶಿಲ್ಪಿಗಳನ್ನು ಕರೆತಂದನೆಂಬ ಮಾತು ಬಹಳ ಕಾಲ ನಡೆದುಬಂತು. ಹಾಗಾದರೆ ಗುಂಡನ ಪೂರ್ವಿಕರು ತಮಿಳು ನಾಡಿನವರೇ?

ಕಲ್ಲುಗಳೇ ಇದಕ್ಕೆ ಅಡ್ಡ ನಿಲ್ಲುತ್ತವೆ. ಬಾದಾಮಿಯ ಮಾಲೆಗಿತ್ತಿ ಶಿವಾಲಯ 7ನೇ ಶತಮಾನದ್ದು. ಅದರ ಶಿಖರ ದ್ರಾವಿಡ ಶೈಲಿಯದೇ. ಪಟ್ಟದಕಲ್ಲಿನ ಸಂಗಮೇಶ್ವರವನ್ನು ಅದೇ ಶೈಲಿಯಲ್ಲಿ ಆರಂಭಿಸಿದವನು ವಿಕ್ರಮಾದಿತ್ಯನ ತಂದೆ ವಿಜಯಾದಿತ್ಯ. ಅಂದರೆ ಕಂಚಿಯ ಈ ವಿಜಯಗಳಿಗೆ ಮೊದಲೇ ಮಲಪ್ರಭೆಯ ದಡದವರಿಗೆ ಈ ವಿದ್ಯೆ ಗೊತ್ತಿತ್ತು. ಕಂಚಿಯಿಂದ ಹೊಸ ವಿಚಾರಗಳು ಬಂದಿರಬಹುದು. ಶೈಲಿಯೇ ಅಲ್ಲಿಂದ ಬಂತೆನ್ನಲು ಆಗದು.

ಪಾಪನಾಥ ಗುಡಿಯ ಸಾಕ್ಷ್ಯ ಇನ್ನೂ ಸ್ವಾರಸ್ಯಕರ. ಅದರ ಶಿಖರ ಉತ್ತರದ ನಾಗರ ಶೈಲಿಯದು. ಆದರೂ ಅಲ್ಲಿನ ಶಾಸನದಲ್ಲಿರುವ ರೇವಡಿ ಓವಜ್ಜ ಸರ್ವಸಿದ್ಧಿ ಆಚಾರಿಯ ಪರಂಪರೆಯವನು. ತೆಂಕಣ ದೆಸೆಯ ಸೂತ್ರಧಾರಿಯ ಬಳಗವೇ ಉತ್ತರದ ಮಾದರಿಯಲ್ಲೂ ಕೆಲಸ ಮಾಡಿದ ಮೇಲೆ, ಶಿಖರವನ್ನು ನೋಡಿ ಶಿಲ್ಪಿಯ ಹುಟ್ಟೂರನ್ನು ಊಹಿಸುವುದು ಹೇಗೆ?

‘ಓವಜ್ಜ’ ಎಂಬ ಪದದಲ್ಲೇ ಒಂದು ಸುಳಿವಿದೆ. ಉಪಾಧ್ಯಾಯ ಎಂಬುದರ ತದ್ಭವವದು. ಮುಂದೆ ‘ಓಜ’ ಎಂದಾಯಿತು. ಅಂದರೆ ಇಲ್ಲಿ ಮನೆತನವೆಂದರೆ ರಕ್ತಸಂಬಂಧ ಮಾತ್ರವಲ್ಲ, ಗುರುವಿನಿಂದ ಶಿಷ್ಯನಿಗೆ ಇಳಿದುಬಂದ ವಿದ್ಯೆಯೂ ಹೌದು. ತಂದೆಯ ಹೆಸರು ಹೇಳಿದವರೂ ಇದ್ದರು. ಪಟ್ಟದಕಲ್ಲಿನ ಬಲದೇವ ತಾನು ದುಗ್ಗಿ ಆಚಾರಿಯ ಮಗನೆಂದು ಬರೆಸಿದ್ದಾನೆ. 12ನೇ ಶತಮಾನದ ಬೇಲೂರಿಗೆ ಬರುವ ಹೊತ್ತಿಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಎಂದು ಊರು, ವಂಶ ಎರಡೂ ಸ್ಪಷ್ಟವಾಗುತ್ತವೆ.

ಗುಂಡನ ಊರನ್ನು ಶಾಸನ ಹೇಳದು. ಆದರೆ ಅವನ ಹೆಸರನ್ನು ಅದು ಬರೆದಿಟ್ಟದ್ದು ಕನ್ನಡದಲ್ಲಿ, ದೊರೆ ಮತ್ತು ರಾಣಿಯ ಹೆಸರುಗಳ ಜೊತೆಯಲ್ಲಿ. ಅವನನ್ನು ಕಂಚಿಗೆ ಒಪ್ಪಿಸುವ ಮುನ್ನ ಬಾದಾಮಿಯ ಆಚಾರಿಗಳ ಕಡೆಗೆ ಒಮ್ಮೆ ನೋಡುವುದು ನ್ಯಾಯ.